ಹುಡುಗನ ತಂದೆಯ ಸಹಿ

ಚೂಡಿದಾರ್ ತೊಟ್ಟ ಹುಡುಗಿ ವಕೀಲರ ಮುಂದೆ ತಲೆ ತಗ್ಗಿಸಿ ಕುಳಿತಿದ್ದಳು.

“ನನ್ನ ಮದುವೆ ಮಾತುಕತೆ ನಡೀತಿದೆ, ಸರ್. ಗಂಡಿನ ಕಡೆಯವರು ಏನೂ ಕೇಳಬಾರದು ಅಂತ ಮೊದಲೇ ಒಂದು ಕರಾರುಪತ್ರ ಮಾಡಿಸಬೇಕು. ಇದನ್ನ ಹೇಳೋಕೂ ನಾಚಿಕೆ ಆಗುತ್ತೆ.”

“ನಾಚಿಕೆ ಪಡಬೇಕಾದವರು ಅವರು, ನೀನಲ್ಲಮ್ಮ,” ಎಂದರು ವಕೀಲರು. ವರದಕ್ಷಿಣೆ ವಿರುದ್ಧ ಭಾಷಣ ಮಾಡಿ ಊರಲ್ಲೆಲ್ಲ ಹೆಸರಾದವರು. “ಏನು ಕೇಳಿದ್ರು?”

“ನೇರವಾಗಿ ಕೇಳಲಿಲ್ಲ. ಹುಡುಗನ ತಂದೆ ಮಾತಿನ ಮಧ್ಯೆ ಸೂಚನೆ ಕೊಟ್ರು. ಅವರು ಹೋದ ಮೇಲೆ ಅಪ್ಪ ಊಟ ಮಾಡಲಿಲ್ಲ.”

“ಹುಡುಗ ಬಾಯಿ ಮುಚ್ಕೊಂಡಿದ್ನಾ?”

“ಒಳ್ಳೆಯವರು, ಸರ್. ತಂದೆಗೆ ಎದುರಾಡೋಕೆ ಸಂಕೋಚ, ಅಷ್ಟೆ. ನಿಮ್ಮ ಹತ್ರವೇ ಹೋಗಿ ಅಂತ ಕಳಿಸಿದ್ದೂ ಅವರೇ.”

ವಕೀಲರಿಗೆ ಖುಷಿಯಾಯಿತು. ಪೆನ್ನಿನ ಮುಚ್ಚಳ ತೆಗೆದರು.

“ಹಾಗಾದ್ರೆ ತಂದೆಯ ಸಹಿಯನ್ನೇ ಹಾಕಿಸೋಣ. ಇಂಥ ಕರಾರು ಕೋರ್ಟಿನಲ್ಲಿ ಎಷ್ಟರಮಟ್ಟಿಗೆ ನಿಲ್ಲುತ್ತೋ ಹೇಳಲಾರೆ. ಆದರೆ ಮಾನ ಮರ್ಯಾದೆ ಇರೋ ಮನುಷ್ಯ ಸಹಿ ಹಾಕಿದ ಮೇಲೆ ಕೈ ಚಾಚೋದಿಲ್ಲ. ಹೇಳಮ್ಮ, ಏನು ಅವನ ಹೆಸರು?”

ಹುಡುಗಿ ಮೊದಲ ಸಲ ತಲೆ ಎತ್ತಿದಳು.

“ನಿಮ್ಮ ಹೆಸರೇ ಬರ್ಕೊಳ್ಳಿ, ಸರ್. ಭಾನುವಾರ ಹೆಣ್ಣು ನೋಡೋಕೆ ಬಂದಾಗ ಸೀರೆ ಉಟ್ಟು ನಿಮಗೆ ಕೇಸರಿಬಾತ್ ಕೊಟ್ಟವಳು ನಾನೇ. ನೀವು ಅಪ್ಪನ ಹತ್ರ ಕಾರಿನ ವಿಷಯ ಮಾತಾಡ್ತಿದ್ರಿ, ನನ್ನ ಮುಖ ನೋಡಲಿಲ್ಲ.”