ದ್ವೀಪ ಉಸಿರು ಬಿಗಿಹಿಡಿದ ದಿನ

ಬಾಲಿ ದ್ವೀಪಕ್ಕೆ ಬಂದು ಮೂರು ದಿನವಾದರೂ ದಾಕ್ಷಾಯಣಿ ಸಮುದ್ರದ ಹತ್ತಿರ ಹೋಗಿರಲಿಲ್ಲ...

ಕಿಟಕಿಯಿಂದ ಕಾಣುತ್ತಿತ್ತು. ಅಷ್ಟೇ ಸಾಕೆನಿಸಿತ್ತು.

ಆಸ್ಟ್ರೇಲಿಯಾದಲ್ಲಿ ಮಣ್ಣಿನ ವಿಜ್ಞಾನ ಓದಿ ಮುಗಿಸಿ ಗದಗಿಗೆ ಮರಳುವ ದಾರಿ ಅದು. ನೇರವಾಗಿ ಮನೆಗೆ ಹೋಗಲು ಕಾಲು ಬರಲಿಲ್ಲ. ನಡುವೆ ಈ ದ್ವೀಪದಲ್ಲಿ, ಬಾಡಿಗೆಗೆ ಕೋಣೆ ಕೊಡುವ ಒಂದು ಮನೆಯಲ್ಲಿ, ಒಬ್ಬಳೇ ಇಳಿದುಕೊಂಡಿದ್ದಳು.

ಕಾರಣ ಇತ್ತು...

ಅವಳ ಕೊನೆಯ ಪರೀಕ್ಷೆಯ ಹೊತ್ತಿನಲ್ಲಿ ಅಪ್ಪ ಎದೆನೋವೆಂದು ಮಲಗಿದವರು ಏಳಲೇ ಇಲ್ಲ. ಮನೆಯವರು ಅವಳಿಗೆ ತಿಳಿಸಲಿಲ್ಲ.

ಅವ್ವ ಎಂದಿನಂತೆ ದಿನಾ ಫೋನ್ ಮಾಡುತ್ತಿದ್ದಳು. "ಅಪ್ಪಾರು ಗುಳಿಗಿ ತಗೊಂಡು ಮಲಗ್ಯಾರವ್ವ... ನೀ ಉಂಡಿಯಿಲ್ಲ?"

"ವಿಡಿಯೋ ಹಚ್ಚವ್ವ" ಎಂದರೆ, "ಕ್ಯಾಮೆರಾ ಕೆಟ್ಟೈತಿ. ನಿಮ್ಮಪ್ಪಾರು ಕಿವಿಗೆ ಒತ್ತಿ ಒತ್ತಿ ಕೆಡಿಸ್ಯಾರ" ಎನ್ನುತ್ತಿದ್ದಳು.

ದಾಕ್ಷಾಯಣಿ ನಕ್ಕಿದ್ದಳು. ವಿಡಿಯೋ ಕಾಲ್ ಎಂದರೂ ಅಪ್ಪ ಫೋನನ್ನು ಕಿವಿಗೇ ಹಿಡಿಯುತ್ತಿದ್ದರು. ಇಷ್ಟು ವರ್ಷ ಅವಳು ನೋಡಿದ್ದೆಲ್ಲ ಅಪ್ಪನ ಕಿವಿಯನ್ನೇ...

ಪರೀಕ್ಷೆ ಮುಗಿದ ಸಂಜೆ ಕಾಕಾ ನಿಜ ಹೇಳಿದರು. ಅಷ್ಟರಲ್ಲಿ ಮಣ್ಣೂ ಆಗಿತ್ತು, ದಿವಸದ ಕಾರ್ಯವೂ ಮುಗಿದಿತ್ತು.

ಅವಳು ಅವ್ವನಿಗೆ ಒಂದೇ ಮಾತು ಕೇಳಿದ್ದಳು. "ಹೆಂಗ ಬಾಯಿ ಬಂತವ್ವ ನಿನಗ, ಅಷ್ಟು ಸುಳ್ಳು ಹೇಳಾಕ?"

ಅವ್ವ ಫೋನ್ ಇಟ್ಟುಬಿಟ್ಟಳು. ಆಮೇಲೆ ಇವಳೂ ಫೋನ್ ಮಾಡಲಿಲ್ಲ.

ಅಳು ಬರಲಿಲ್ಲ. ಸಿಟ್ಟೂ ಹೆಚ್ಚು ದಿನ ಉಳಿಯಲಿಲ್ಲ. ಕಾಲು ಜೋಮು ಹಿಡಿದಾಗ ಮುಟ್ಟಿದರೂ ತನ್ನದಲ್ಲ ಅನಿಸುತ್ತದಲ್ಲ... ಮನಸ್ಸು ಹಾಗಾಗಿತ್ತು.

ಓದಿದ ಕಡೆಯ ಪ್ರೊಫೆಸರ್, ಕೆಲಸ ಇದೆ, ವಾಪಸ್ ಬಾ ಎಂದು ಮೇಲ್ ಕಳಿಸಿದ್ದರು. "ಬರುತ್ತೇನೆ" ಎಂದು ಉತ್ತರ ಬರೆದಿಟ್ಟಿದ್ದಳು. ಅದನ್ನು ಕಳಿಸಿದರೆ ಊರಿನ ಟಿಕೆಟ್ ರದ್ದು. ಮತ್ತೆ ಆ ಮನೆಯ ಹೊಸಿಲು ತುಳಿಯುವ ಮಾತಿಲ್ಲ.

ಬೆಳಿಗ್ಗೆ ಕಳಿಸೋಣವೆಂದು ಮಲಗಿದಳು. ಎದ್ದಾಗ ನೆಟ್ ಇರಲಿಲ್ಲ.

ಬೀದಿಯಲ್ಲಿ ಒಂದು ಬೈಕಿನ ಸದ್ದಿಲ್ಲ. ಅಡುಗೆಮನೆಯಲ್ಲಿ ಹೊಗೆಯಿಲ್ಲ. ನೆಟ್ ಸಿಗುವ ಜಾಗ ಹುಡುಕೋಣವೆಂದು ಗೇಟಿನ ಬಳಿ ಹೋದರೆ ಮನೆಯೊಡತಿ ಅಡ್ಡ ನಿಂತಳು. ಆ ಮುದುಕಿಯನ್ನು ಎಲ್ಲರೂ 'ಇಬು' ಎನ್ನುತ್ತಿದ್ದರು. ಅಲ್ಲಿಯ ಮಾತಿನಲ್ಲಿ ಅಮ್ಮ ಎಂದರ್ಥ.

"ಇವತ್ತು ನಮ್ಮ ಹೊಸ ವರ್ಷ. ನಿನ್ನೆಯೇ ಹೇಳಿದೆ, ನೀನು ಕೇಳಿಸಿಕೊಳ್ಳಲಿಲ್ಲ" ಎಂದು ಇಬು ಪಿಸುಗುಟ್ಟಿದಳು, ಅತಿಥಿಗಳಿಂದ ಕಲಿತ ಹರುಕು ಇಂಗ್ಲಿಷಿನಲ್ಲಿ. "ಬೆಂಕಿ ಇಲ್ಲ, ದೀಪ ಇಲ್ಲ, ಹೊರಗೆ ಹೋಗುವಂತಿಲ್ಲ. ವಿಮಾನವೂ ಇಲ್ಲ."

"ಹೊಸ ವರ್ಷಕ್ಕೆ ಯಾರಾದರೂ ಹೀಗಿರುತ್ತಾರಾ?"

"ಭೂತಗಳು ದ್ವೀಪದ ಮೇಲೆ ಹಾದುಹೋಗುತ್ತವೆ. ಸದ್ದಿಲ್ಲದಿದ್ದರೆ ಇಲ್ಲಿ ಯಾರೂ ಇಲ್ಲ ಅಂದುಕೊಂಡು ಮುಂದೆ ಹೋಗುತ್ತವೆ. ಪಾಪ, ಅವಕ್ಕೆ ಬುದ್ಧಿ ಕಡಿಮೆ."

ದಾಕ್ಷಾಯಣಿಗೆ ನಗು ಬರಲಿಲ್ಲ. ಹೋಗಿ ಜಗುಲಿಯಲ್ಲಿ ಕೂತಳು. ಇಡೀ ದಿನ ಕೂತಳು...

ಸೂರ್ಯ ಮುಳುಗುವ ಹೊತ್ತು. ಹಿಂದಿನ ದಿನ ಮಾಡಿಟ್ಟ ತಣ್ಣಗಿನ ಅನ್ನ, ಬಾಳೆಹಣ್ಣು ತಟ್ಟೆಯಲ್ಲಿಟ್ಟುಕೊಂಡು ಇಬು ಬರಿಗಾಲಲ್ಲಿ ಅಂಗಳ ದಾಟಿ ಬಂದಳು. ಮಬ್ಬಿನಲ್ಲಿ ಕಲ್ಲಿನ ಮೆಟ್ಟಿಲು ಕಾಣಲಿಲ್ಲ. ಹೆಬ್ಬೆರಳು ಬಲವಾಗಿ ಬಡಿಯಿತು. ಉಗುರೇ ಕಿತ್ತು ಬಂತು.

ಇಬು ಕೂಗಲಿಲ್ಲ.

ತಟ್ಟೆಯನ್ನು ಸದ್ದಾಗದಂತೆ ಕೆಳಗಿಟ್ಟಳು. ಹೆಗಲ ಬಟ್ಟೆಯ ತುದಿಯನ್ನು ಬಾಯಿಗೆ ತುರುಕಿಕೊಂಡಳು. ಕಣ್ಣೀರು ಸುರಿಯುತ್ತಿತ್ತು, ಭುಜ ನಡುಗುತ್ತಿತ್ತು... ದನಿ ಮಾತ್ರ ಹೊರಗೆ ಬರಲಿಲ್ಲ.

ದಾಕ್ಷಾಯಣಿ ಎದ್ದು ಓಡಿ ಬಂದರೆ, ಇಬು ತುಟಿಯ ಮೇಲೆ ಬೆರಳಿಟ್ಟು ತಟ್ಟೆಯ ಕಡೆ ಕೈ ತೋರಿಸಿದಳು. ಉಣ್ಣು, ಎಂದು.

ಮರುದಿನ ಬೆಳಿಗ್ಗೆ ಬೀದಿಗೆ ಸದ್ದು ಮರಳಿತು. ಇಬು ಕಾಲಿಗೆ ಬಟ್ಟೆ ಸುತ್ತಿಕೊಂಡು ಕುಂಟುತ್ತಾ ಕಾಫಿ ತಂದಳು.

"ನಿನ್ನೆ ನಿಮಗೆ ನೋವಾಗಲಿಲ್ಲವಾ?"

"ಜೀವ ಹೋದ ಹಾಗಾಯಿತು."

"ಮತ್ತೆ ಕೂಗಲಿಲ್ಲವಲ್ಲ... ಭೂತದ ಭಯವಾ?"

"ನನಗೇನು ಭಯ? ಈ ವಯಸ್ಸಿನಲ್ಲಿ ಭೂತವೇ ನನ್ನನ್ನು ನೋಡಿ ದಾರಿ ಬಿಟ್ಟೀತು" ಎಂದು ಇಬು ನಕ್ಕಳು. "ನನ್ನ ಮನೆಯಲ್ಲಿ ನೀನಿದ್ದೆಯಲ್ಲ. ಯಾವುದೋ ತಾಯಿಯ ಮಗಳು. ನಾನು ಕೂಗಿದ್ದರೆ ನೀನಿರುವ ಜಾಗ ಅದಕ್ಕೆ ಗೊತ್ತಾಗುತ್ತಿತ್ತು."

ಬಾಯಿಯ ಹತ್ತಿರ ಒಯ್ದ ಕಾಫಿ ಲೋಟ ಅಲ್ಲೇ ನಿಂತಿತು...

ದಾಕ್ಷಾಯಣಿಗೆ ಗದಗಿನ ಮನೆಯ ಅಡುಗೆಕೋಣೆ ಕಂಡಿತು. ಹೊರಗೆ ಬಂದ ಮಂದಿ. ಒಳಗೆ ಬರಿಹಣೆಯ ಅವ್ವ. ಬಾಯಿಂದ ಸೆರಗು ತೆಗೆದು, ಗಂಟಲು ಸರಿಮಾಡಿಕೊಂಡು, ಫೋನ್ ಹಚ್ಚುತ್ತಿದ್ದಾಳೆ. "ನೀ ಉಂಡಿಯಿಲ್ಲ?" ಫೋನ್ ಇಟ್ಟು, ಮತ್ತೆ ಸೆರಗು ಬಾಯಿಗೆ...

ನೆಟ್ ಬಂದಿತ್ತು. ಪ್ರೊಫೆಸರಿಗೆ ಬರೆದ ಉತ್ತರ ಹಾಗೇ ಕೂತಿತ್ತು. ಅದನ್ನು ಅಳಿಸಿ ಅವ್ವನಿಗೆ ಫೋನ್ ಮಾಡಿದಳು.

"ದಾಕ್ಷಾ..." ಎಂದಳು ಅವ್ವ. ಆಮೇಲೆ ತಾನೇ ಮುಂದುವರಿಸಿದಳು, "ನಿನ್ನೆ ಯುಗಾದಿ ಇತ್ತು. ಈ ವರ್ಷ ನಮಗ ಹಬ್ಬ ಇಲ್ಲಲ್ಲ... ದಿನ ಪೂರ್ತಿ ಸುಮ್ಮ ಕುಂತಿದ್ದೆ."

"ನಾನೂ ಸುಮ್ಮ ಕುಂತಿದ್ದೆ."

"ಎಲ್ಲಿ?"

"ದಾರ್ಯಾಗ. ನಾಳೆ ಮನ್ಯಾಗ ಇರ್ತೀನಿ... ವಿಡಿಯೋ ಹಚ್ಚವ್ವ."

"ಬ್ಯಾಡ. ಕ್ಯಾಮೆರಾ ಕೆಟ್ಟೈತಿ."

"ಅವ್ವಾ."

"...ನನ್ನ ಮಾರಿ ನೋಡಿದ್ರ ನೀ ಅಳ್ತಿ, ದಾಕ್ಷಾ."

"ಅಳಬೇಕಾಗೇತವ್ವ ನನಗ. ಬರವಲ್ದು."

ಪರದೆ ಬೆಳಗಿತು.

ಅದರ ತುಂಬ ಒಂದು ಕಿವಿ. ಅವ್ವನೂ ಅಪ್ಪನ ಹಾಗೇ ಫೋನನ್ನು ಕಿವಿಗೆ ಒತ್ತಿ ಹಿಡಿದಿದ್ದಳು.

ದಾಕ್ಷಾಯಣಿಗೆ ನಗು ಬಂತು. ಆ ನಗುವಿನ ಬೆನ್ನಿಗೇ, ಅಷ್ಟು ದಿನ ಒಳಗೆ ನಿಂತದ್ದೆಲ್ಲ ಬಂತು... ಜೋಮು ಬಿಡುವಾಗಲೇ ಅಲ್ಲವೇ ನೋವು ಶುರುವಾಗುವುದು.

ಅವಳಿಗೆ ಸೆರಗಿರಲಿಲ್ಲ, ಅಂಗೈಯಿಂದಲೇ ಬಾಯಿ ಮುಚ್ಚಿಕೊಳ್ಳಲು ಹೋದಳು. ಇಬು ಮೆಲ್ಲಗೆ ಆ ಕೈ ಸರಿಸಿದಳು.

"ಅಳು" ಎಂದಳು. "ಇವತ್ತು ಸದ್ದು ಮಾಡಬಹುದು."

ಮನೆಯವರು ಮುಚ್ಚಿಟ್ಟ ಮಾತಿನ ಕೆಳಗೆ ಅವರು ನುಂಗಿದ ಅಳು ಇರುತ್ತದೆ.

ನಿಮಗೆ ಕೇಳಬಾರದೆಂದು ಬಾಯಿಗೆ ಸೆರಗು ಒತ್ತಿಕೊಂಡವರು ನಿಮ್ಮ ಮನೆಯಲ್ಲಿ ಯಾರು... ಇವತ್ತು ಅವರಿಗೊಂದು ಫೋನ್ ಮಾಡುವಿರಾ?