ಮಾವನವರ ಮುಖದ ಸಿಪಾಯಿ

ರೆಸಿನ್ ಸಿಪಾಯಿ ಬೊಂಬೆ ಅಂಗಡಿಗೆ ಬಂದಮೇಲೆ, ಅದರ ಮುಖ ಯಾರನ್ನು ಹೋಲುತ್ತದೋ ಅವರನ್ನು ಸೇನೆಯವರು ಯುದ್ಧಕ್ಕೆ ಕರೆದೊಯ್ಯುತ್ತಾರೆ. ನಮ್ಮೂರಲ್ಲಿ ಇದೆಲ್ಲ ಮಾಮೂಲು. ಅದಕ್ಕೇ ಬೊಂಬೆ ಮಾಡುವ ನಾವು ಸತ್ತವರ ಮುಖವನ್ನೇ ಕೂರಿಸುತ್ತೇವೆ. ಸತ್ತವರನ್ನು ಯಾರು ಒಯ್ಯುತ್ತಾರೆ?

ಈ ಸಲ ತೀರಿಹೋದ ಮಾವನವರ ಹರೆಯದ ಫೋಟೋ ನೋಡಿಕೊಂಡು ಮುಖ ತಿದ್ದಿದೆ. ಅಚ್ಚು ತೆಗೆದು, ರೆಸಿನ್ ಎರೆದು, ಕೈ, ಕಾಲು, ಬಂದೂಕು, ಟೋಪಿ ಎಲ್ಲ ಬಿಡಿಬಿಡಿಯಾಗಿ ಡಬ್ಬಿಗೆ ತುಂಬಿ ಬೆಳಿಗ್ಗೆ ಅಂಗಡಿಗಳಿಗೆ ಕಳಿಸಿದೆ.

ಮಧ್ಯಾಹ್ನ ನನ್ನ ಗಂಡ ಬೆಟ್ಟದಿಂದ ಬಂದರು. ತಲೆ ನುಣ್ಣಗೆ, ಮೀಸೆಯೂ ಇಲ್ಲ. ಮದುವೆಯಾದಾಗಿನಿಂದ ಮೀಸೆಯಿಲ್ಲದ ಆ ಮುಖವನ್ನು ನಾನು ನೋಡಿಯೇ ಇರಲಿಲ್ಲ.

"ರೀ, ಏನಿದು?"

"ನಿನ್ನ ಬೊಂಬೆ ಯಾರನ್ನೂ ಹೋಲದೇ ಇರಲಿ ಅಂತ ಹರಕೆ ಹೊತ್ತಿದ್ದೆ ಕಣೇ. ಮುಡಿ ಕೊಟ್ಟು ಬಂದೆ," ಎಂದು ನಕ್ಕರು. ಥೇಟ್ ಆ ಫೋಟೋದಲ್ಲಿನ ಮಾವನವರ ನಗು, ಅದೇ ಮೀಸೆಯಿಲ್ಲದ ಮುಖ.

ಬಾಗಿಲ ಚಿಲಕ ಹಾಕಿದೆ. ಬೊಂಬೆಗೆ ಬಣ್ಣ ಹಚ್ಚುವ ಕುಂಚ ತೆಗೆದುಕೊಂಡು ಅವರ ತುಟಿಯ ಮೇಲೆ ಮೀಸೆ ಬರೆಯತೊಡಗಿದೆ. ಅವಸರಕ್ಕೆ ಗೆರೆ ಕೆನ್ನೆಗೆ ಹರಿಯಿತು.

ಯಾರೋ ಮೆಲ್ಲಗೆ ಬಾಗಿಲು ತಟ್ಟಿದರು.

"ಅಕ್ಕಾ, ಬೊಂಬೆ ತುಂಬಾ ಚೆನ್ನಾಗಿ ಬಂದಿದೆ. ಇವರನ್ನ ಸ್ವಲ್ಪ ಹೊರಗೆ ಕಳಿಸ್ತೀರಾ?"