ಎಂಬತ್ತರ ಕೆಳಗಿನ ನಾಡಿ

ದೂರು ಕೊಡಲು ಬಂದವರ ನಾಡಿ ಎಂಬತ್ತರ ಕೆಳಗೆ ಇಳಿಯುವವರೆಗೆ ಅರ್ಜಿ ಮುಟ್ಟಬಾರದೆಂಬುದು ಕಚೇರಿಯ ನಿಯಮ. ಅದಕ್ಕೆಂದೇ ಗೋಡೆಗಳ ಮೇಲೆ ಕಾಡುಮರಗಳ ಅಮೂರ್ತ ಚಿತ್ರಗಳಿದ್ದವು. ಗುಮಾಸ್ತನೂ ಸೇರಿ ಎಲ್ಲರ ಮಣಿಕಟ್ಟಿಗೆ ನಾಡಿ ಅಳೆಯುವ ಪಟ್ಟಿ. ಚಿತ್ರದೆದುರು ಹತ್ತು ನಿಮಿಷ ಕೂತರೆ ಸಿಟ್ಟು ಇಳಿಯುತ್ತಿತ್ತು. ಬಹಳ ಮಂದಿ ಅರ್ಜಿ ಮಡಚಿಕೊಂಡು ಮನೆಗೆ ಹೋಗುತ್ತಿದ್ದರು.

ದಾಕ್ಷಾಯಣಿಯ ಪಟ್ಟಿ ಮಾತ್ರ ಎರಡು ಗಂಟೆಯಿಂದ ನೂರಹತ್ತು ತೋರಿಸುತ್ತಿತ್ತು. ಊರ ಕಾಡು ಕಡಿಯುವುದನ್ನು ನಿಲ್ಲಿಸಿ ಎಂಬ ಅರ್ಜಿ ಕೈಯಲ್ಲೇ ಇತ್ತು. ಕಚೇರಿ ಐದಕ್ಕೆ ಮುಚ್ಚುತ್ತದೆ. ಉಳಿದ ಮರಗಳಿಗೆ ನಾಳೆ ಬೆಳಿಗ್ಗೆ ಗರಗಸ.

"ಚಿತ್ರ ನೋಡಿ ತಾಯಿ, ಎಲ್ಲರಿಗೂ ಇಳೀತದೆ," ಎಂದ ಗುಮಾಸ್ತ ನಂಜುಂಡಯ್ಯ.

"ಅದನ್ನ ಬರೆದೋಳೇ ನಾನು ಕಣಪ್ಪ."

ಅವನು ನಕ್ಕ. "ಹಂಗಾದ್ರೆ ನಿಮಗೇ ಮೊದಲು ಇಳೀಬೇಕಿತ್ತು. ತಂಪಾಗಿ ನಾಕು ಗೆರೆ ಎಳೆದಿದ್ದೀರಿ."

"ಗೆರೆ ಅಲ್ಲ." ಅವಳು ಎದ್ದು ಚಿತ್ರದ ಹತ್ತಿರ ಹೋದಳು. "ಈ ಬಾಗಿದ ಹಸಿರು ಹಳ್ಳದ ದಂಡೆಯ ಮತ್ತಿ ಮರ. ಸೋಮವಾರ ಉರುಳಿಸಿದ್ರು. ಪಕ್ಕದ ಕಂದು ಬೀಟೆ, ಅದೂ ಅವತ್ತೇ. ಈ ಹಳದಿ ಚುಕ್ಕೆ ಹೊನ್ನೆ ಹೂವು. ನಿನ್ನೆ ಆ ಮರ ಕೊಯ್ದಾಗ ಕೆಂಪು ಅಂಟು ನೆಲಕ್ಕೆ ಸುರೀತು. ಇದರ ಕೆಳಗೆ ಕೂತ್ರೆ ನನಗೆ ನೆಮ್ಮದಿ ಆಗ್ತಿತ್ತು, ಅದಕ್ಕೇ ಬರೆದೆ. ದೂರು ತಂದೋರ ಬಾಯಿ ಮುಚ್ಚಿಸಲಿ ಅಂತಲ್ಲ."

ಬೆಂಚಿನ ಮೇಲಿದ್ದ ಮುದುಕ ಮಡಚಿದ್ದ ಅರ್ಜಿ ಬಿಚ್ಚಿದ. ಇಳಿದಿದ್ದ ನಾಡಿ ಮತ್ತೆ ಏರಿ ಅವನ ಪಟ್ಟಿ ಕೀ ಎಂದಿತು. ಪಕ್ಕದವಳದೂ ಕೀ ಎಂದಿತು.

ಸದ್ದು ನಿಲ್ಲಿಸಲು ಎದ್ದ ನಂಜುಂಡಯ್ಯ ತನ್ನ ಮಣಿಕಟ್ಟು ನೋಡಿಕೊಂಡ. ತೊಂಬತ್ತೆಂಟು. ಪಟ್ಟಿ ಬಿಚ್ಚಿ ಡ್ರಾಯರಿಗೆ ಹಾಕಿ, ಕೈ ಚಾಚಿದ.

"ಕೊಡಿ ಅರ್ಜಿ."